ಕೆಟ್ಸಾಲ್ ನೋಡಲು ಮಾರ್ಗದರ್ಶಕರು ಬೇಕೇ? ದೋತಾ ಕಣಿವೆಯ ಪಕ್ಷಿವೀಕ್ಷಣಾ ಸೇವೆಯ ವಿಮರ್ಶೆ

ಕೋಸ್ಟರಿಕಾದ ತಲಮಂಕಾ ಪರ್ವತಶ್ರೇಣಿಯಲ್ಲಿ, ಸುಮಾರು 2,200 ಮೀಟರ್ ಎತ್ತರದಲ್ಲಿರುವ ಸ್ಯಾನ್ ಹೆರಾರ್ಡೊ ದೆ ದೋತಾಕ್ಕೆ ಪಕ್ಷಿವೀಕ್ಷಕರಲ್ಲಿ ಹೆಚ್ಚಿನವರು ಬರುವುದು ಕೆಟ್ಸಾಲ್ ಹಕ್ಕಿಗಾಗಿ. ಬೆಳಕು ಹರಿಯುವ ಮೊದಲೇ ಕರೆದೊಯ್ದು ಅದನ್ನು ತೋರಿಸುವ ಸ್ಥಳೀಯ ಮಾರ್ಗದರ್ಶಕರ ಸೇವೆಯೊಂದನ್ನು ನಾನು ಬಳಸಿಕೊಂಡೆ. ಕೆಲವು ಕೊರತೆಗಳಿದ್ದರೂ ಕೊಟ್ಟ ಹಣಕ್ಕೆ ಮೋಸವಿಲ್ಲ.

ಈ ಸೇವೆಯ ಹೆಚ್ಚುಗಾರಿಕೆಯೆಂದರೆ ಕಾಡೆಲ್ಲ ಅಲೆಸದೆ ಒಂದು ಮರದ ಎದುರು ನಿಲ್ಲಿಸುವುದು. ಅಲ್ಲಿನವರು ಅಗ್ವಾಕಟಿಯೊ ಎಂದು ಕರೆಯುವ ಕಾಡು ಬೆಣ್ಣೆಹಣ್ಣು ಕೆಟ್ಸಾಲ್‌ನ ಮುಖ್ಯ ಆಹಾರವಾದ್ದರಿಂದ, ಯಾವ ಮರದಲ್ಲಿ ಕಾಯಿ ಬಲಿತಿದೆ ಎಂಬುದನ್ನು ಬಲ್ಲವನಿಗೆ ಹಕ್ಕಿಯನ್ನು ಹುಡುಕುವ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಹಕ್ಕಿ ಕೊಂಬೆಯಿಂದ ಹಾರಿ, ರೆಕ್ಕೆ ಬಡಿಯುತ್ತಲೇ ಹಣ್ಣನ್ನು ಕಿತ್ತು, ಮತ್ತೆ ಕೊಂಬೆಗೆ ಮರಳಿ ಇಡಿಯಾಗಿ ನುಂಗುತ್ತದೆ. ಆಮೇಲೆ ಬಹಳ ಹೊತ್ತು ಅಲುಗಾಡದೆ ಕುಳಿತು ಬೀಜವನ್ನು ಬಾಯಿಯಿಂದಲೇ ಹೊರಹಾಕುತ್ತದೆ. ಮರದಡಿ ಬಿದ್ದಿದ್ದ ಅಂಥ ಬೀಜವೊಂದನ್ನು ಮಾರ್ಗದರ್ಶಕ ಎತ್ತಿ ತೋರಿಸಿದಾಗ ತಿರುಳಿನ ಎಳೆಯೂ ಅಂಟಿರಲಿಲ್ಲ. ಕಾಡಿನಲ್ಲಿ ಈ ಮರಗಳು ಹರಡುವುದು ಹೀಗೆಯೇ.

ಹೊಳೆಯುವ ಹಸಿರಿನ ಹಕ್ಕಿ ಎದ್ದು ಕಾಣುತ್ತದೆಂದು ಭಾವಿಸಿ ಒಬ್ಬರೇ ಹೊರಡುವವರು ಮೋಸಹೋಗುವುದುಂಟು. ಆ ಹಸಿರು ಗರಿಯೊಳಗಿನ ಸೂಕ್ಷ್ಮ ರಚನೆಯಿಂದ ಬೆಳಕು ಚದುರಿ ಮೂಡುವಂಥದ್ದು. ನೆರಳಿನಲ್ಲಿ ಹಕ್ಕಿ ಬೆನ್ನು ತಿರುಗಿಸಿ ಕುಳಿತರೆ ಒದ್ದೆ ಎಲೆಗಳ ನಡುವೆ ಅದು ಮಾಯವಾಗುತ್ತದೆ. ದೂರದರ್ಶಕದಲ್ಲಿ ಗಂಡು ಎದೆ ತಿರುಗಿಸಿದಾಗ ಮಾತ್ರ ಕಡುಗೆಂಪು, ತಲೆಯ ಮೇಲಿನ ಬಿರುಸಾದ ತುರಾಯಿ, ಹಳದಿ ಕೊಕ್ಕು ಎಲ್ಲವೂ ಒಟ್ಟಿಗೆ ಕಂಡವು. ದೇಹ 40 ಸೆಂಟಿಮೀಟರ್ ಮೀರದಿದ್ದರೂ ಬಾಲದ ಮೇಲಿನ ಹೊದಿಕೆಗರಿಗಳು ಇನ್ನೂ 65 ಸೆಂಟಿಮೀಟರ್‌ವರೆಗೆ ಇಳಿಬೀಳುತ್ತವೆ. ಗೂಡಿನಲ್ಲಿ ಕಾವಿಗೆ ಕುಳಿತಾಗ ಇವು ಬೆನ್ನ ಮೇಲೆ ಬಾಗಿ ಪೊಟರೆಯಿಂದ ಹೊರಗೆ ಚಾಚಿಕೊಂಡಿರುತ್ತವೆಯಂತೆ. ಆ ನೋಟ ನಮಗೆ ದೊರೆಯಲಿಲ್ಲ.

ದೊರೆಯದಿದ್ದುದಕ್ಕೆ ಕಾರಣವೇ ಮೆಚ್ಚತಕ್ಕದ್ದು. ಗಂಡು ಹೆಣ್ಣು ಸರದಿಯಂತೆ ಕಾವು ಕೊಡುವ ಗೂಡು ಅರೆಕೊಳೆತ ಮರದ ಪೊಟರೆಯಲ್ಲಿರುತ್ತದೆ. ಸಮೀಪಕ್ಕೆ ಹೋಗೋಣವೆಂದು ಛಾಯಾಗ್ರಾಹಕರೊಬ್ಬರು ಒತ್ತಾಯಿಸಿದರೂ ಮಾರ್ಗದರ್ಶಕ ಒಪ್ಪಲಿಲ್ಲ; ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವ ಅಡ್ಡದಾರಿಯನ್ನೂ ಹಿಡಿಯಲಿಲ್ಲ.

ಕೊರತೆಗಳಲ್ಲಿ ಮೊದಲನೆಯದು ಗುಂಪಿನ ಗಾತ್ರ. ಅಷ್ಟು ಜನಕ್ಕೆ ಒಂದೇ ದೂರದರ್ಶಕವಿದ್ದುದರಿಂದ, ಸರದಿ ಬರುವಷ್ಟರಲ್ಲಿ ಹಕ್ಕಿ ಕೊಂಬೆಯಿಂದ ಹಿಮ್ಮುಖವಾಗಿ ಜಾರಿ ಹಾರಿಹೋಗಿ ಕೆಲವರು ನಿರಾಶರಾದರು. ಹೆಣ್ಣು ಹಕ್ಕಿಯ ಬಗ್ಗೆ ವಿವರಣೆ ತೀರಾ ಚುಟುಕಾಗಿತ್ತು. ಕಂದುಬೂದು ಎದೆಯ, ಬಾಲದಡಿ ಕಪ್ಪುಬಿಳಿ ಪಟ್ಟೆಗಳಿರುವ, ಉದ್ದಗರಿಗಳಿಲ್ಲದ ಆ ಹಕ್ಕಿ ಪಕ್ಕದಲ್ಲೇ ಕುಳಿತಿದ್ದರೂ ಹೆಚ್ಚಿನವರು ಗಮನಿಸಲೇ ಇಲ್ಲ.

ಮರಿಮಾಡುವ ಕಾಲವಾದ ಮಾರ್ಚ್‌ನಿಂದ ಮೇ ನಡುವೆ ಹೋಗುವುದು ಒಳ್ಳೆಯದು. ಅನಂತರ ಹಣ್ಣನ್ನು ಅನುಸರಿಸಿ ಹಕ್ಕಿಗಳು ಬೇರೆ ಎತ್ತರಗಳಿಗೆ ಸರಿಯುವುದರಿಂದ ಕಾಣುವ ಭರವಸೆ ಕಡಿಮೆ. ಮುಂಗಡ ಕಟ್ಟುವ ಮೊದಲು ಗುಂಪಿನಲ್ಲಿ ಎಷ್ಟು ಜನರಿರುತ್ತಾರೆಂದು ಕೇಳಿಕೊಳ್ಳಿ. ಬೆಳಗಿನ ಚಳಿ ಉಷ್ಣವಲಯದ ಲೆಕ್ಕಕ್ಕೆ ಮೀರಿದ್ದು, ಬೆಚ್ಚನೆಯ ಅಂಗಿಯೊಂದು ಜೊತೆಗಿರಲಿ.