ಗೋಲ್ಡನ್ ವ್ಯಾಕ್ಸ್ 464: ಘಮಕ್ಕೆ ಮೋಸವಿಲ್ಲ, ತಾಳ್ಮೆ ಬೇಕು

ಗಾಜಿನ ಲೋಟದ ಕ್ಯಾಂಡಲ್‌ಗೆ ಸೋಯಾ ಎಣ್ಣೆಯಿಂದ ಮಾಡಿದ ಮೇಣಗಳಲ್ಲಿ ಇದು ಒಳ್ಳೆಯ ಆಯ್ಕೆಯೇ; ಅವಸರದವರಿಗಲ್ಲ. ಹಚ್ಚದೆ ಮೂಸಿದರೆ ಘಮ್ಮೆನ್ನುತ್ತದೆ. ಹಚ್ಚಿದಾಗ ಕೋಣೆ ತುಂಬಬೇಕಾದರೆ ಅಳತೆ ಸರಿಯಿರಬೇಕು.

ಡಬಲ್ ಬಾಯ್ಲರ್‌ನಲ್ಲಿ (ಬಿಸಿನೀರಿನ ಪಾತ್ರೆಯ ಮೇಲಿಟ್ಟ ಇನ್ನೊಂದು ಪಾತ್ರೆ) 85 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ ಇಳಿಸಿ, ಸುಗಂಧ ತೈಲ ಹಾಕಿ ಎರಡು ನಿಮಿಷ ನಿಧಾನಕ್ಕೆ ತಿರುವಿ. 57 ಡಿಗ್ರಿ ಆಸುಪಾಸಿನಲ್ಲಿ ಲೋಟಕ್ಕೆ ಹುಯ್ಯಿರಿ. 200 ಗ್ರಾಂ ಮೇಣಕ್ಕೆ 16 ಗ್ರಾಂ ತೈಲ ಸಾಕು. ಚಮಚದ ಲೆಕ್ಕ ಬೇಡ, ತೂಕ ಮಾಡಿ. ಜಾಸ್ತಿ ಸುರಿದರೆ ಘಮ ಜಾಸ್ತಿಯಾಗುತ್ತದೆಂಬುದು ಭ್ರಮೆ: ಹಿಡಿಯದ ಎಣ್ಣೆ ಮೇಲೆ ಬೆವರಿನಂತೆ ನಿಲ್ಲುತ್ತದೆ, ಬತ್ತಿ ಕಟ್ಟಿಕೊಂಡು ಉರಿ ಕುಗ್ಗುತ್ತದೆ.

ಘಮ ಬರದಿದ್ದರೆ ಮೊದಲು ನೋಡಬೇಕಾದ್ದು ಬತ್ತಿಯನ್ನು. ಏಳು ಸೆಂಟಿಮೀಟರ್ ಅಗಲದ ಲೋಟದಲ್ಲಿ ಸುಮಾರು ಮೂರು ಗಂಟೆಯೊಳಗೆ ಕರಗಿದ ಮೇಣ ಅಂಚು ಮುಟ್ಟಬೇಕು. ಪರಿಮಳ ಏಳುವುದೇ ಆ ಬಿಸಿ ಕೊಳದಿಂದ. ನಡುವೆ ಗುಂಡಿ ಬಿದ್ದು ಸುತ್ತ ಮೇಣ ಉಳಿದರೆ ಒಂದು ಸೈಜ್ ದೊಡ್ಡ ಬತ್ತಿ ಹಾಕಿ. ಬತ್ತಿಯ ತುದಿಯಲ್ಲಿ ಅಣಬೆಯಂತೆ ಕರಿ ಗಂಟು ಕಟ್ಟಿ ಮಸಿ ಹಾರಿದರೆ ಚಿಕ್ಕದಕ್ಕೆ ಇಳಿಯಿರಿ. ಪ್ರತಿ ಸಲ ಹಚ್ಚುವ ಮುನ್ನ ಬತ್ತಿಯನ್ನು ಆರು ಮಿಲಿಮೀಟರ್‌ಗೆ ಕತ್ತರಿಸಿ.

ದೊಡ್ಡ ಕಿರಿಕಿರಿ ಕಾಯುವುದು. ಮುಚ್ಚಳ ಹಾಕಿ ಎರಡು ವಾರ ಇಡದೆ ತೀರ್ಪು ಕೊಡಬೇಡಿ. ಮೇಲೆ ಬಿಳಿ ಹೂವಿನಂತೆ ಕಟ್ಟುವುದು ಸೋಯಾದ ಗುಣ, ಘಮಕ್ಕೇನೂ ತೊಂದರೆಯಿಲ್ಲ. ನಿಂಬೆ, ಕಿತ್ತಳೆ ಪರಿಮಳ ಇದರಲ್ಲಿ ಸಪ್ಪೆ. ವೆನಿಲಾ ಚೆನ್ನಾಗಿ ಹರಡಿದರೂ ಮೇಣ ಕಂದಾಗುತ್ತದೆ, ಬಿಳಿ ಕ್ಯಾಂಡಲ್ ಬೇಕೆನ್ನುವವರು ಗಮನಿಸಿ.