ಪರೀಕ್ಷೆಯಿಲ್ಲದೆ ಬರೆದ ನಿದ್ದೆ ಮಾತ್ರೆ: ನಮ್ಮ ಅವ್ವನಿಗೆ ಆದದ್ದು

ಮನೆಯಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ನಿದ್ದೆ ಬಾರದೆ, ಅವರನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ಹೋಗಿ. ಮನೋವೈದ್ಯರ ಬಳಿ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಅವ್ವ ಕೊನೆಗೆ ಚೇತರಿಸಿಕೊಂಡದ್ದು ಒಬ್ಬ ಮನೋವೈದ್ಯೆಯ ಚಿಕಿತ್ಸೆಯಿಂದಲೇ. ರೋಗಿಯ ಮಾತು ಕೇಳದೆ, ಪರೀಕ್ಷೆ ಮಾಡಿಸದೆ ಮಾತ್ರೆ ಬರೆಯುವವರ ಬಗ್ಗೆ ನನ್ನ ಎಚ್ಚರಿಕೆ.

ಅವ್ವ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯವಳು, ವಯಸ್ಸು ಅರವತ್ತು ದಾಟಿದೆ. ರಾತ್ರಿ ಮಲಗಿದ ಸ್ವಲ್ಪ ಹೊತ್ತಿಗೇ ಎದ್ದು ಅಂಗಳದಲ್ಲಿ ಅಡ್ಡಾಡುವುದು, ಬೆಳಗಿನ ಜಾವ ಒಂದಿಷ್ಟು ಕಣ್ಣು ಮುಚ್ಚುವುದು ಅವಳ ರೂಢಿಯಾಗಿಬಿಟ್ಟಿತ್ತು. ಬಳ್ಳಾರಿಯ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆತಂದೆವು. “ಮಲಗಿದ್ರ ಕಾಲಾಗ ಹುಳ ಹರದಾಡಿದಂಗ ಆಗ್ತೈತ್ರಿ, ಎದ್ದು ಅಡ್ಡಾಡಿದ್ರ ಕಡಿಮಿ ಆಗ್ತೈತ್ರಿ” ಎಂದು ಅವ್ವ ತಾನಾಗಿಯೇ ಹೇಳಿದಳು. ಅಷ್ಟರಲ್ಲಿ ವೈದ್ಯರು ಚೀಟಿ ಬರೆದು ಮುಗಿಸಿದ್ದರು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ಹೇಳಿ ನಿದ್ದೆ ಬರಿಸುವ ಆಲ್ಪ್ರಜೋಲಾಂ ಮತ್ತು ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲೀನ್ ಎಂಬ ಮಾತ್ರೆಗಳನ್ನು ಕೊಟ್ಟು ಕಳುಹಿಸಿದರು. ರಕ್ತ ಪರೀಕ್ಷೆ ಬರೆಯಲಿಲ್ಲ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾಳೆ ಎಂದು ಕೇಳಲಿಲ್ಲ, ಗೊರಕೆಯ ವಿಷಯವಂತೂ ಬರಲೇ ಇಲ್ಲ.

ಮೊದಲ ಕೆಲವು ರಾತ್ರಿ ಅವ್ವ ಚೆನ್ನಾಗಿಯೇ ಮಲಗಿದಳು. ಆಮೇಲೆ ಮಾತ್ರೆಯ ಗುಣ ಇಳಿಯುತ್ತ ಬಂದಂತೆ ಪ್ರಮಾಣ ಏರುತ್ತ ಹೋಯಿತು, ಅದರ ಜೊತೆಗೆ ಕ್ವಿಟಿಯಾಪಿನ್ ಎಂಬ ಇನ್ನೊಂದು ಮಾತ್ರೆಯೂ ಸೇರಿತು. ಕಾಲಿನ ಸಂಕಟ ಮಾತ್ರ ರಾತ್ರಿಯಿಂದ ಸಂಜೆಗೆ, ಸಂಜೆಯಿಂದ ಮಧ್ಯಾಹ್ನಕ್ಕೆ ಹಿಂದೆ ಸರಿಯುತ್ತ ದಿನವಿಡೀ ಕಾಡತೊಡಗಿತು. ಹಗಲೆಲ್ಲ ಮಂಪರು, ಮಾತಿನಲ್ಲಿ ತೊದಲು, ಮೊಮ್ಮಕ್ಕಳ ಹೆಸರುಗಳೂ ತಟ್ಟನೆ ನೆನಪಾಗುತ್ತಿರಲಿಲ್ಲ. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡಳು. ವಯಸ್ಸಾದವರಲ್ಲಿ ಈ ಗುಂಪಿನ ಮಾತ್ರೆಗಳು ಬೀಳುವ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದಿರುವ ಸಂಗತಿ. ನಮಗೆ ಅದನ್ನು ಯಾರೂ ಹೇಳಿರಲಿಲ್ಲ. ಬಿದ್ದ ಸುದ್ದಿ ತಿಳಿಸಿದಾಗ ಅದೇ ಕ್ಲಿನಿಕ್ಕಿನವರು ಫೋನಿನಲ್ಲಿಯೇ ಎಲ್ಲ ಮಾತ್ರೆಗಳನ್ನೂ ನಾಳೆಯಿಂದ ನಿಲ್ಲಿಸಿಬಿಡಿ ಎಂದರು. ಅನಂತರದ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ: ಕೈ ನಡುಕ, ಮೈಯೆಲ್ಲ ಬೆವರು, ಎದೆ ಬಡಿತ, ರೆಪ್ಪೆ ಮುಚ್ಚದ ರಾತ್ರಿಗಳು, ತಾನು ಎಲ್ಲಿದ್ದೇನೆಂಬುದೇ ತಿಳಿಯದ ಗಾಬರಿ.

ಆ ಸ್ಥಿತಿಯಲ್ಲಿ ಅವಳನ್ನು ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಸೇರಿಸಿದೆವು. ಅಲ್ಲಿನ ವೈದ್ಯೆ ಮೊದಲು ಅವ್ವನೊಡನೆ, ಆಮೇಲೆ ನಮ್ಮೊಡನೆ ಬೇರೆಯಾಗಿ ಮಾತನಾಡಿದರು. ನಿದ್ದೆ ಹೋದದ್ದು ಯಾವಾಗಿನಿಂದ, ವಾರಕ್ಕೆ ಎಷ್ಟು ರಾತ್ರಿ, ಚಹಾ ಎಷ್ಟು, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ, ಅಳು ಬರುತ್ತದೆಯೇ, ಬದುಕೇ ಬೇಡವೆನಿಸುತ್ತದೆಯೇ ಎಂದು ಒಂದೊಂದನ್ನೂ ಕೇಳಿದರು. ಥೈರಾಯ್ಡ್ ಪರೀಕ್ಷೆ ಮತ್ತು ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು, ಫೆರಿಟಿನ್ ಮಾತ್ರ ತೀರಾ ಕೆಳಗಿತ್ತು. ದೇಹದಲ್ಲಿ ಕಬ್ಬಿಣದ ದಾಸ್ತಾನು ಕುಸಿದಾಗ ಕಾಲುಗಳ ಈ ಚಡಪಡಿಕೆ ಕಾಣಿಸಿಕೊಳ್ಳಬಹುದು. ಫೆರಿಟಿನ್ ಒಂದು ಮಿಲಿಲೀಟರಿಗೆ 75 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶ ಕೊಟ್ಟು ನೋಡುವುದು ಇದರ ಚಿಕಿತ್ಸೆಯ ಮೊದಲ ಹೆಜ್ಜೆಗಳಲ್ಲಿ ಒಂದು. ಇನ್ನೂ ನೋವಿನ ಸಂಗತಿಯೆಂದರೆ ಅಮಿಟ್ರಿಪ್ಟಿಲೀನ್, ಕ್ವಿಟಿಯಾಪಿನ್ ಎರಡೂ ಈ ಚಡಪಡಿಕೆಯನ್ನು ಉಲ್ಬಣಗೊಳಿಸಬಲ್ಲವು. ಅವ್ವ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದ ಲಕ್ಷಣವನ್ನು ಕೇಳಿಸಿಕೊಂಡಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟು ಪ್ರಯೋಗ ನಡೆಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಂಥ ಊರಿನಲ್ಲಿ ಒಬ್ಬ ಹೆಂಗಸಿನ ಮಾತನ್ನು ಪೂರ್ತಿ ಕೇಳಲು ವೈದ್ಯರಿಗೆ ಪುರಸೊತ್ತಿರಲಿಲ್ಲ ಎಂಬುದು ನನಗೆ ಇಂದಿಗೂ ಅರಗದ ವಿಷಯ.

ಆದ್ದರಿಂದ ಮೊದಲ ಭೇಟಿಯಲ್ಲಿಯೇ ನಿದ್ದೆ ಮಾತ್ರೆ ಬರೆದರೆ, ಇದು ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ, ನಿಲ್ಲಿಸುವುದು ಹೇಗೆ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಕುರಿತು ಮಾಹಿತಿ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ, ಕೇಳಲು ಸಂಕೋಚ ಬೇಡ. ಆಲ್ಪ್ರಜೋಲಾಂ ಗುಂಪಿನ ಮಾತ್ರೆಗಳನ್ನು ನಿದ್ದೆಗೆಂದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಮೀರಿ ಕೊಡಬಾರದು. ಆಲ್ಪ್ರಜೋಲಾಂ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿರುವ ಔಷಧ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ ವಿವರವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ನಮಗಂತೂ ಕ್ಲಿನಿಕ್ಕಿನ ಪಕ್ಕದ ಮೆಡಿಕಲ್ ಶಾಪಿನಲ್ಲಿ ಮಾತ್ರೆಯ ಹಳೆಯ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕಾಗಿತ್ತು. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ; ಮಲಗುವ ವೇಳೆ, ಹಾಸಿಗೆಯಲ್ಲಿ ಕಳೆಯುವ ಸಮಯ, ನಿದ್ದೆಯ ಬಗೆಗಿನ ಭಯ ಇವನ್ನು ಹಂತಹಂತವಾಗಿ ತಿದ್ದುವ ಮನೋಚಿಕಿತ್ಸೆ. ಒಂದೆರಡು ವಾರ ಎಷ್ಟಕ್ಕೆ ಮಲಗಿದರು, ಎಷ್ಟಕ್ಕೆ ಎದ್ದರು ಎಂದು ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೂ ಅನುಕೂಲ.

ಈಗಾಗಲೇ ಇಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುತ್ತಿರುವವರು ಇದನ್ನು ಓದಿ ಗಾಬರಿಯಿಂದ ಒಮ್ಮೆಲೇ ನಿಲ್ಲಿಸಬೇಡಿ, ಹಾಗೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಅವ್ವನಿಗೆ ವೈದ್ಯೆ ಆಲ್ಪ್ರಜೋಲಾಂ ಅನ್ನು ಮತ್ತೆ ಆರಂಭಿಸಿ, ತಿಂಗಳುಗಳ ಕಾಲ ಚೂರುಚೂರೇ ಇಳಿಸಿ ಬಿಡಿಸಿದರು. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.