ಸ್ಯಾಂ ಮಾಲೊ ಅಥವಾ ಓಂಫ್ಲರ್: ಒಂದನ್ನೇ ನೋಡುವುದಾದರೆ

ಪ್ಯಾರಿಸ್‌ಗೆ ಹೋದವರು ಫ್ರಾನ್ಸಿನ ಹಳೆಯ ಕಡಲೂರೊಂದನ್ನೂ ನೋಡಬಯಸಿದರೆ, ಬ್ರಿಟನಿಯ ಸ್ಯಾಂ ಮಾಲೊ ಮತ್ತು ನಾರ್ಮಂಡಿಯ ಓಂಫ್ಲರ್ ಎರಡೂ ಆಯ್ಕೆಗೆ ಅರ್ಹವಾಗಿವೆ.

ಸ್ಯಾಂ ಮಾಲೊದ ಕೋಟೆಗೋಡೆಯ ಮೇಲೆಯೇ ಊರನ್ನು ಒಂದು ಸುತ್ತು ಬರಬಹುದು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗ್ರಾನೈಟ್ ಮನೆಗಳ ಸಾಲು. ಈ ಮನೆಗಳಲ್ಲಿ ಹೆಚ್ಚಿನವು 1944ರ ಆಗಸ್ಟ್‌ನ ಯುದ್ಧದಲ್ಲಿ ನಾಶವಾಗಿ, ಬಳಿಕ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದಂಥವು ಎಂಬುದು ಅಪ್ಪಟ ಪ್ರಾಚೀನತೆಯನ್ನು ಹುಡುಕುವವರಿಗೆ ತಿಳಿದಿರಬೇಕು. ಇಲ್ಲಿನ ನಿಜವಾದ ವಿಶೇಷವೆಂದರೆ ಉಬ್ಬರವಿಳಿತ: ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ 12 ಮೀಟರಿನಷ್ಟು ಏರಿಳಿಯುತ್ತದೆ. ಇಳಿತದ ವೇಳೆ, ಸಾಹಿತಿ ಶಾತೋಬ್ರಿಯಾನರ ಸಮಾಧಿಯಿರುವ ಗ್ರಾಂ ಬೆ ದ್ವೀಪಕ್ಕೆ ನಡೆದೇ ಹೋಗಬಹುದು. ವೇಳಾಪಟ್ಟಿ ನೋಡದೆ ಹೋದವರು ಮುಂದಿನ ಇಳಿತದವರೆಗೆ ಅಲ್ಲಿಯೇ ಕಾಯಬೇಕಾದೀತು.

ಓಂಫ್ಲರ್‌ನಲ್ಲಿ ಹಳೆಯದು ಹಳೆಯದಾಗಿಯೇ ಉಳಿದಿದೆ. 17ನೆಯ ಶತಮಾನದ ಬಂದರುಕೊಳದ ಅಂಚಿಗೆ ಕಿರಿದಾದ, ಎತ್ತರದ ಮನೆಗಳು ಒತ್ತೊತ್ತಾಗಿ ನಿಂತಿವೆ. ಹಡಗು ಕಟ್ಟುವವರು 15ನೆಯ ಶತಮಾನದಲ್ಲಿ ಮರದಿಂದ ಕಟ್ಟಿದ ಸೇಂಟ್ ಕ್ಯಾಥರೀನ್ ಚರ್ಚಿನೊಳಗೆ ತಲೆಯೆತ್ತಿದರೆ ಚಾವಣಿಯು ಮಗುಚಿಟ್ಟ ಹಡಗಿನ ಒಡಲಿನಂತೆ ಕಾಣುತ್ತದೆ. ಗಂಟೆಗೋಪುರ ಮಾತ್ರ ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿ ನಿಂತಿದೆ. ಇಲ್ಲಿಯೇ ಹುಟ್ಟಿದ ಚಿತ್ರಕಾರ ಬೂದಾಂ ಅವರ ಹೆಸರಿನ ವಸ್ತುಸಂಗ್ರಹಾಲಯವೂ ಇದೆ.

ಸ್ಯಾಂ ಮಾಲೊಗೆ ಪ್ಯಾರಿಸ್‌ನಿಂದ ನೇರ ವೇಗದ ರೈಲಿದೆ. ಓಂಫ್ಲರ್‌ಗೆ ದೋವಿಲ್ ಅಥವಾ ಲ ಹಾವ್ರ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಒಂದು ರಾತ್ರಿ ತಂಗಿ ಉಬ್ಬರ, ಇಳಿತ ಎರಡನ್ನೂ ನೋಡಲು ಸಾಧ್ಯವಿರುವವರಿಗೆ ನಾನು ಸ್ಯಾಂ ಮಾಲೊವನ್ನೇ ಹೇಳುವೆ. ಕಾರಿದ್ದು, ಸಮಯ ಒಂದೇ ದಿನವಿದ್ದರೆ, ಮೇಲಾಗಿ ಚಿತ್ರಕಲೆಯ ಒಲವಿದ್ದರೆ, ವಾರಾಂತ್ಯದ ಜನಜಂಗುಳಿಯನ್ನು ತಪ್ಪಿಸಿ ಓಂಫ್ಲರ್‌ಗೆ ಹೋಗುವುದು ಲೇಸು.